ದುರುಗಮ್ಮ ಎಂಬ ಒಂದು ಸಾಲು

ಯಂತ್ರ ಬರೆದದ್ದಷ್ಟೇ ನಡೆದದ್ದು ಎಂದು ಸರಕಾರ ಆಜ್ಞೆ ಹೊರಡಿಸಿದ ವರ್ಷ ಯಾರೂ ಬೀದಿಗಿಳಿಯಲಿಲ್ಲ. ಇಳಿಯಬೇಕಾದವರಿಗೆ ಅದು ತಮ್ಮ ಪರವಾಗಿಯೇ ಇದೆ ಅನ್ನಿಸಿತ್ತು. ತಲಾಟಿ ಬರೆದರೆ ಸುಳ್ಳು, ಫೌಜದಾರ ಬರೆದರೆ ಸುಳ್ಳು, ಡಾಕ್ಟರು ಬರೆದರೆ ಯಾರದೋ ಫೋನು ಬಂದ ಮೇಲೆ ಬರೆದದ್ದು. ಯಂತ್ರಕ್ಕೆ ಜಾತಿ ಇಲ್ಲ, ಹೊಟ್ಟೆ ಇಲ್ಲ, ಬೀಗರಿಲ್ಲ, ಅದು ಯಾಕೆ ಸುಳ್ಳು ಬರೆದೀತು ಎಂದು ಚಹಾದಂಗಡಿಗಳಲ್ಲಿ ಜನ ತಲೆದೂಗಿದರು. ಯಂತ್ರಕ್ಕೆ ತಿನ್ನಿಸುವವರು ಯಾರು, ಹೇಗೆ ಹರಿದು ತಿನ್ನಿಸುತ್ತಾರೆ ಎಂದು ಆಗ ಒಬ್ಬರೂ ಕೇಳಲಿಲ್ಲ.

ಹೆಸರಿಗೆ ಅದು ಸ್ವಯಂ ವರದಿ ವ್ಯವಸ್ಥೆ. ನೀಲಗಲ್ಲು ಜಿಲ್ಲೆಯ ವರದಿ ಕೇಂದ್ರದ ನೌಕರರ ಬಾಯಲ್ಲಿ ಬರಮಪ್ಪ. ಹಣೆಬರಹ ಬರೆಯುವವನನ್ನು ಆ ಕಡೆಯವರು ಕರೆಯುವುದೇ ಹಾಗೆ. ಹಳ್ಳಿ ಹಳ್ಳಿಯ ನರ್ಸುಗಳು, ಪೊಲೀಸರು, ಮಾಸ್ತರರು ಫೋನಿನಲ್ಲಿ ತುಂಬಿದ್ದೆಲ್ಲ ಕೇಂದ್ರದ ಒಂದು ದೊಡ್ಡ ಕೋಷ್ಟಕಕ್ಕೆ ಬಂದು ಬೀಳುತ್ತಿತ್ತು. ಅದನ್ನು ಅವರು ಹಾಳೆ ಎನ್ನುತ್ತಿದ್ದರು. ಬರಮಪ್ಪ ಹಾಳೆಯ ಒಂದೊಂದು ಸಾಲು ಓದಿ ಒಂದೊಂದು ವಾಕ್ಯ ಮಾಡುತ್ತಿದ್ದ. ವಾಕ್ಯಗಳು ಕೂಡಿ ಆದ ವರದಿ ಸಂಜೆಯೊಳಗೆ ರಾಜಧಾನಿ ಸೇರುತ್ತಿತ್ತು. ವಿಧಾನಸಭೆ, ಕೋರ್ಟು, ಪತ್ರಿಕೆ ಎಲ್ಲವೂ ಓದುತ್ತಿದ್ದದ್ದು ಅದನ್ನೇ. ವರದಿಯಲ್ಲಿಲ್ಲದ ಗಾಯಕ್ಕೆ ಔಷಧಿ ಇರಲಿಲ್ಲ, ವರದಿಯಲ್ಲಿಲ್ಲದ ಹೆಣಕ್ಕೆ ಸ್ಮಶಾನದ ಗೇಟು ತೆರೆಯುತ್ತಿರಲಿಲ್ಲ.

ಆದರೆ ಬರಮಪ್ಪನದು ಭಾರೀ ಮಡಿವಂತಿಕೆಯ ಓದು. ಒಂದು ಘಟನೆಗೆ ಒಂದೇ ಸಾಲು. ಯಾವ ಚೌಕವೂ ಖಾಲಿ ಇರಕೂಡದು, ಎರಡು ಚೌಕ ಒಂದನ್ನೊಂದು ಮುಟ್ಟಿ ಕೂಡಿಕೊಂಡಿರಕೂಡದು. ತಾರೀಖು ಒಂದೇ ಅಚ್ಚಿನಲ್ಲಿರಬೇಕು. ಸಾವಿನ ಕಾರಣ ಅವನೇ ಕೊಟ್ಟ ಪಟ್ಟಿಯಿಂದ ಆರಿಸಿದ್ದಾಗಿರಬೇಕು. ಒಂದು ತಪ್ಪಿದರೂ ಆ ಸಾಲನ್ನು ದಾಟಿ ಮುಂದೆ ಹೋಗುತ್ತಿದ್ದ. ಹೀಗಾಗಿ ಹಾಳೆಯನ್ನು ಅವನ ಮುಂದಿಡುವ ಮೊದಲು ಹಸನು ಮಾಡುವವರು ಬೇಕಾಗಿದ್ದರು. ಕಸ್ತೂರಿಯ ಕೆಲಸ ಅದು. ಅವಳವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು, ಮಗಳು ಹಾಳೆ.

ಈ ಕೆಲಸದಲ್ಲಿ ಅವಳಿಗೆ ಹೆಸರು ಬಂದದ್ದು ಒಂದು ನಿಯಮದಿಂದ. ಅದಕ್ಕೂ ಮುಂಚೆ ಸಿಗ್ನಲ್ ಸಿಗದ ಊರುಗಳ ನರ್ಸುಗಳು ಒಂದೇ ಗುಂಡಿಯನ್ನು ಎರಡು ಮೂರು ಸಲ ಒತ್ತಿ, ಒಂದೇ ಸಾವು ಮೂರು ಸಾಲಾಗಿ ಬರುತ್ತಿತ್ತು. ಬರಮಪ್ಪ ಒಮ್ಮೆ ಒಬ್ಬ ಮುದುಕನ ಬಗ್ಗೆ ‘ಇವರು ಸೋಮವಾರ ಮೂರು ಬಾರಿ ನಿಧನರಾದರು’ ಎಂದು ಬರೆದು, ರಾಜಧಾನಿಯ ಪತ್ರಿಕೆಗಳು ನೀಲಗಲ್ಲನ್ನು ವಾರವಿಡೀ ಆಡಿಕೊಂಡು ನಕ್ಕಿದ್ದವು. ಆಗ ಕಸ್ತೂರಿ ಬರೆದುಕೊಟ್ಟಳು: ಹೆಸರು, ಹುಟ್ಟಿದ ದಿನ, ಪೋಷಕರ ಹೆಸರು, ಜಾಗ, ಸತ್ತ ದಿನ, ಇವಿಷ್ಟೂ ಒಂದೇ ಆಗಿದ್ದರೆ ಅದು ಒಂದೇ ಸಾಲು, ಉಳಿದವು ನಕಲು, ತೆಗೆದುಹಾಕು. ಗುರುತಿನ ಸಂಖ್ಯೆ ನೋಡಿದರೆ ಸಾಕಾಗುತ್ತಿತ್ತಲ್ಲ ಎನ್ನಬಹುದು. ಆದರೆ ಜನರ ಗುಟ್ಟು ಕಾಯುವ ಕಾಯ್ದೆ ಬಂದು, ಆ ಸಂಖ್ಯೆಯ ಕಾಲಂ ಹಾಳೆಗೆ ಬರುವ ಮೊದಲೇ ಕತ್ತರಿಸಿ ಹೋಗುತ್ತಿತ್ತು. ಇನ್ನೊಂದು ಕಾಲಂ ಇತ್ತು, ಅಡ್ಡಹೆಸರಿನದು. ಅದನ್ನು ಕಸ್ತೂರಿಯೇ ಕಿತ್ತು ಹಾಕಿದ್ದಳು. ‘ಎಮ್ಮಿ ಸಾಯಬಣ್ಣ ಅವರಿಗೆ ಲಸಿಕೆ ನೀಡಲಾಯಿತು’ ಎಂದು ಬರಮಪ್ಪ ಬರೆದಾಗ ಪಶುವೈದ್ಯ ಇಲಾಖೆಯಿಂದ ಫೋನು ಬಂದಿತ್ತು.

ಅವಳ ಕೇರಿಯಲ್ಲಿ ಅಡ್ಡಹೆಸರಿಲ್ಲದೆ ಒಂದು ದಿನವೂ ಸಾಗುತ್ತಿರಲಿಲ್ಲ. ಹಿಂದೆಂದೋ ಒಂದು ಬೇನೆ ಬಂದು ಹೆಣ್ಣುಕೂಸುಗಳನ್ನೇ ಎತ್ತಿಕೊಂಡು ಹೋಗಿತ್ತಂತೆ. ತನ್ನ ಹೆಸರಿನವಳನ್ನು ದೇವಿ ತಾನು ಒಯ್ಯುವುದಿಲ್ಲ ಎಂದು ಅಂದಿನಿಂದ ಪ್ರತಿ ಮನೆಯ ಮೊದಲ ಹೆಣ್ಣಿಗೆ ದುರುಗಮ್ಮ ಎಂದೇ ಹೆಸರಿಡುತ್ತ ಬಂದರು. ಹೀಗೆ ಕೇರಿಯ ತುಂಬ ದುರುಗಮ್ಮರು. ಚಹಾ ಇಲ್ಲದೆ ಕಣ್ಣು ಬಿಡದವಳು ಚಹಾದುರುಗಿ. ಸತ್ತ ಮನೆಯಲ್ಲೂ ನಗು ತಡೆಯಲಾರದವಳು ನಗಿದುರುಗಿ. ಕೆಂಪದುರುಗಿ, ಮೂಕದುರುಗಿ. ಕಸ್ತೂರಿಯ ಅಕ್ಕ ಸಣ್ಣವಳಿದ್ದಾಗ ಬಾವಿಗೆ ಬಿದ್ದು, ಜನ ಹಗ್ಗ ತರುವಷ್ಟರಲ್ಲಿ ತಾನೇ ಕಲ್ಲಿನ ಸಂದಿ ಹಿಡಿದು ಮೇಲೆ ಬಂದವಳು, ಅವಳು ಬಾವಿದುರುಗಿ. ಎರಡನೆಯ ಹೆಣ್ಣಾಗಿ ಹುಟ್ಟಿದ್ದಕ್ಕೆ ಮಾತ್ರ ಕಸ್ತೂರಿ ಕಸ್ತೂರಿಯಾಗಿದ್ದಳು.

ಕೂಲಿ ಕಾರ್ಡು ಮಾಡುವ ಶಿಬಿರದವರು ಕೇರಿಗೆ ಬಂದ ದಿನ ಹುಟ್ಟಿದ ತಾರೀಖು ಯಾರಿಗೂ ಗೊತ್ತಿರಲಿಲ್ಲ. ಫರಸಿ ಕಲ್ಲಿನ ಪಾಲಿಶ್ ಶೆಡ್ಡುಗಳಿಗೆ ಆಳು ಒದಗಿಸುವ ಮುಕಾದಮ ಭೀಮಾಶಂಕರ ಕುರ್ಚಿ ಎಳೆದುಕೊಂಡು ಕುಳಿತು ಎಲ್ಲರ ಪರವಾಗಿ ತಾನೇ ಹೇಳಿದ. ಎಲ್ಲ ದುರುಗಮ್ಮರೂ ಒಂದೇ ವರ್ಷದ ಜನವರಿ ಒಂದಕ್ಕೆ ಹುಟ್ಟಿದರು. ಪೋಷಕರ ಜಾಗದಲ್ಲಿ ಅವನದೇ ಹೆಸರು. ವಿಳಾಸ, ಎರಡನೇ ಶೆಡ್ಡು. ‘ನಾವೆಲ್ಲ ಅವಳಿಜವಳಿ ಆದೆವಲ್ಲೇ, ಭೀಮಾಶಂಕರ ನಮ್ಮಪ್ಪ’ ಎಂದು ನಗಿದುರುಗಿ ನೆಲಕ್ಕೆ ಕುಸಿದು ನಕ್ಕಿದ್ದಳು.

ಆ ಮುಂಜಾನೆ ಸೂರ್ಯ ಹುಟ್ಟುವ ಮೊದಲೇ ಫೋನುಗಳೆಲ್ಲ ಬಿಸಿಲಿನ ಎಚ್ಚರಿಕೆ ಹೊತ್ತು ಒಟ್ಟಿಗೆ ಕಿರುಚಿದವು. ಕೆಂಪು ದಿನ. ಹೊತ್ತೇರಿದ ಮೇಲೆ ಸಂಜೆ ಇಳಿಯುವತನಕ ಯಾರೂ ಮೈಮುರಿದು ದುಡಿಯಕೂಡದು, ದುಡಿಸಕೂಡದು.

“ಇವತ್ತ ಹೋಗಬ್ಯಾಡ ಯಕ್ಕಾ,” ಎಂದಳು ಕಸ್ತೂರಿ, ಕೂದಲು ಬಾಚಿಕೊಳ್ಳುತ್ತ.

“ಹೋಗ್ದಿದ್ರ ನಾಳಿಗಿ ಬರಬ್ಯಾಡ ಅಂತಾನ ಭೀಮಾಶಂಕರ.” ಬಾವಿದುರುಗಿ ರೊಟ್ಟಿಗೆ ಖಾರ ಹಚ್ಚಿ ಮಡಚುತ್ತಿದ್ದಳು. “ಕೆಂಪು ದಿನ ಇದ್ರ ಶಟರ್ ಇಳಿಸಿ ಒಳಗ ಮಾಡಸ್ತಾನ. ಮ್ಯಾಲ ಹಾರ್ಯಾಡೋ ಸರಕಾರದ ಡ್ರೋನಿನ ಕಣ್ಣಿಗಿ ಶೆಡ್ ಮುಚ್ಚಿದಂಗ ಕಾಣ್ತದ.”

“ತಗಡಿನ ಶೆಡ್ಡಿನಾಗ ಶಟರ್ ಇಳಿಸಿದ್ರ ಹ್ಯಾಂಗ ಉಸಿರಾಡ್ತೀರಿ?”

“ಬಾವ್ಯಾಗ ಉಸಿರಾಡೀನಿ, ಶೆಡ್ಡಿನಾಗ ಆಡಲ್ಲೇನು?” ಅಕ್ಕ ಬುತ್ತಿಯನ್ನು ಅವಳ ಚೀಲಕ್ಕೆ ತುರುಕಿದಳು. “ನೀ ಬರೀ ನಿನ್ನ ಬರಮಪ್ಪಗ ಹೇಳು. ಬಾವಿದುರುಗಿ ಮುಂಜಾನೆ ನಾಕು ರೊಟ್ಟಿ ತಿಂದು ಗಟ್ಟಿಮುಟ್ಟಾಗಿ ಕೆಲಸಕ್ಕ ಹೋದಳು ಅಂತ ಬರಿಲಿ.”

ಮೂಲೆಯಲ್ಲಿ ಮಲಗಿದ್ದ ಅಕ್ಕನ ಮಗಳು ಮುಸುಕಿನೊಳಗಿಂದಲೇ, “ನಾಕಲ್ಲ ಚಿಗವ್ವಾ, ಆರು,” ಎಂದಳು. ಹದಿನೆಂಟು ತುಂಬಿದ ಅವಳೂ ಮನೆಯ ಮೊದಲ ಹೆಣ್ಣು. ಸಣ್ಣದುರುಗಿ.

ವರದಿ ಕೇಂದ್ರದ ಒಳಗೆ ಕಂಬಳಿ ಹೊದ್ದು ಕೂರುವಷ್ಟು ತಂಪು. ಯಂತ್ರಕ್ಕೆ ಸೆಕೆಯಾಗಬಾರದು. ಬಾಗಿಲಲ್ಲಿ ಒಂದು ಕಣ್ಣು. ಒಳಹೋದ, ಹೊರಬಂದ ಮುಖಗಳನ್ನೆಲ್ಲ ಎಣಿಸುವುದು, ಜ್ವರದವರನ್ನು ತಡೆಯಲೆಂದು ಮೈಬಿಸಿ ನೋಡುವುದು ಅದರ ಕೆಲಸ. ಅದಕ್ಕೂ ಒಂದು ಹಾಳೆ ಇತ್ತು. ಯಾರೂ ಓದದ ಹಾಳೆಯಾದ್ದರಿಂದ ಯಾರೂ ಅದನ್ನು ಹಸನು ಮಾಡುತ್ತಿರಲಿಲ್ಲ. ಬರಮಪ್ಪ ನೇರ ಅದರಿಂದಲೇ ಓದಿ, ಬಾಗಿಲು ಮುಚ್ಚಿದ ಮೇಲೂ ಒಳಗೆ ಯಾರಾದರೂ ಉಳಿದಿದ್ದರೆ ನೇರ ರಾಜಧಾನಿಯ ಭದ್ರತಾ ಕೋಣೆಗೆ ಬರೆಯುತ್ತಿದ್ದ.

ಪಕ್ಕದ ಕುರ್ಚಿಯ ನಜೀರ್ ಅಹ್ಮದ್ ಹಿಂದಿನ ದಿನ ಅದರ ಕೈಗೆ ಸಿಕ್ಕಿದ್ದ. “ಹಿಂದಿನ ಗೋಡೆ ಹಾರಿ ಮನಿಗಿ ಹೋಗಿದ್ದೆ ಕಸ್ತೂರವ್ವ. ಊಟಕ್ಕ ಕುಂತೀನಿ, ಫೋನು. ನಜೀರ್ ಅಹ್ಮದ್ ಇನ್ನಾ ಕೇಂದ್ರದಾಗೇ ಅದಾನಂತ, ಹೋಗಿ ಹುಡುಕ್ರಿ ಅಂತ. ಹುಡುಕಾಕ ಕಳಿಸಿದ್ದು ಯಾರನ್ನ, ನನ್ನನ್ನೇ. ಇಡೀ ಕಟ್ಟಡ ಹುಡುಕಿದೆ, ನಾ ಸಿಗಲಿಲ್ಲ.”

“ಅಧೀಕ್ಷಕ ಸರ್ ಕಡಿಂದ ಹೇಳಿಸಿ ಅಳಸಬೇಕಿತ್ತು.”

“ಆ ಹಾಳಿ ಸರ್ ಕೈಗೂ ಸಿಗಲ್ಲವ್ವಾ. ಬಾಗಿಲ ಕಣ್ಣು ಕಂಡದ್ದೇ ಖರೆ.”

ಕಸ್ತೂರಿ ನಗುತ್ತಲೇ ಪರದೆಗೆ ತಿರುಗಿದಳು. ಮಧ್ಯಾಹ್ನದ ಸಾಲುಗಳು ಬೀಳುತ್ತಿದ್ದವು. ಕೋಳಿ ಸತ್ತದ್ದು, ಟ್ರಾನ್ಸ್‌ಫಾರ್ಮರ್ ಸುಟ್ಟದ್ದು, ಒಬ್ಬ ಲಾರಿ ಡ್ರೈವರ್ ತಲೆಸುತ್ತಿ ಬಿದ್ದದ್ದು. ಆಮೇಲೆ ಒಂದು ಸಾಲು: ದುರುಗಮ್ಮ, ಪೋಷಕ ಭೀಮಾಶಂಕರ, ಎರಡನೇ ಶೆಡ್ಡು, ಸಾವು, ಕಾರಣ ಬಿಸಿಲು. ಅದರ ಮಗ್ಗುಲಲ್ಲಿ ಬೂದು ಅಕ್ಷರದ ಟಿಪ್ಪಣಿ, ನಕಲು ಸಾಲುಗಳನ್ನು ತೆಗೆದುಹಾಕಲಾಗಿದೆ. ನರ್ಸಿನ ಸಿಗ್ನಲ್ ಮತ್ತೆ ಕೈಕೊಟ್ಟಿದೆ ಎಂದುಕೊಂಡಳು ಕಸ್ತೂರಿ.

ಹಾಗೆ ಅಂದುಕೊಂಡ ಮೇಲೆ ಅವಳ ಕೈ ನಿಂತಿತು.

ಅಕ್ಕನಿಗೆ ಫೋನು ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಕೇರಿಯಲ್ಲಿ ಎಷ್ಟು ದುರುಗಮ್ಮರಿದ್ದಾರೆ ಎಂದು ಮನಸ್ಸು ಎಣಿಸತೊಡಗಿತು. ಎಣಿಸಿದಷ್ಟೂ ಧೈರ್ಯ ಬಂತು. ಬೇರೆ ಯಾವಳಾದರೂ ಆಗಿರಲಿ ದೇವೀ, ಬೇರೆ ಯಾವಳಾದರೂ, ಎಂದು ಒಳಗೊಳಗೇ ಬೇಡಿಕೊಂಡಳು. ಕೆಂಪದುರುಗಿಯ ಮುಖ ಕಣ್ಣ ಮುಂದೆ ಬಂತು, ಚಹಾದುರುಗಿಯ ಮುಖ ಬಂತು. ಬಂದ ಮುಖಗಳನ್ನು ಒಂದೊಂದಾಗಿ ಸಾವಿನ ಕಡೆ ದಬ್ಬಿದಳು. ಪರದೆಯ ಮೇಲೆ ಬರಮಪ್ಪ ವಾಕ್ಯ ಮಾಡಿಟ್ಟಿದ್ದ: ‘ಜಿಲ್ಲೆಯಲ್ಲಿ ಬಿಸಿಲಿನ ತಾಪಕ್ಕೆ ಕಾರ್ಮಿಕ ಮಹಿಳೆ ದುರುಗಮ್ಮ ಮೃತಪಟ್ಟಿದ್ದಾರೆ. ಪರಿಸ್ಥಿತಿ ನಿಯಂತ್ರಣದಲ್ಲಿದೆ.’ ಕೆಳಗೆ ಅವಳ ಒಪ್ಪಿಗೆಯ ಗುಂಡಿ. ಒತ್ತಿದಳು. ಒತ್ತುವುದು ಅವಳ ಕೆಲಸವಾಗಿತ್ತು.

ಸಂಜೆ ಬಸ್ಸಿಳಿದು ಕೇರಿಗೆ ಬಂದಾಗ ಬೇವಿನ ಮರದ ಕೆಳಗೆ ಫರಸಿ ಕಲ್ಲುಗಳ ಮೇಲೆ ಐದು ಹೆಣ್ಣುಗಳನ್ನು ಸಾಲಾಗಿ ಮಲಗಿಸಿದ್ದರು. ಮೇಲೆ ಒದ್ದೆ ಗೋಣಿಚೀಲ. ಸುತ್ತ ಕುಳಿತವರು ಅತ್ತು ಅತ್ತು ದನಿ ಹೋಗಿ ಸುಮ್ಮನಾಗಿದ್ದರು. ಚಹಾದುರುಗಿ. ನಗಿದುರುಗಿ. ಕೆಂಪದುರುಗಿ. ಮೂಕದುರುಗಿ. ಕೊನೆಯ ಗೋಣಿಯ ಹೊರಗೆ ಚಾಚಿದ್ದ ಪಾದದ ಬೆರಳುಗಳು ಒಡೆದು ಉಗುರು ಕಿತ್ತುಹೋಗಿದ್ದವು. ಗೋಣಿ ಸರಿಸುವ ಮೊದಲೇ ಕಸ್ತೂರಿಗೆ ಗೊತ್ತಾಯಿತು.

“ಶಟರ್ ಒದ್ದಳವ್ವ ನಿಮ್ಮಕ್ಕ,” ಎಂದಳು ಸಾಬವ್ವ. ಶೆಡ್ಡಿನಲ್ಲಿ ನೀರು ಕೊಡುವ ಮುದುಕಿ ಅವಳು. ಆ ಮಧ್ಯಾಹ್ನ ನೀರು ತರಲೆಂದು ಹೊರಗಿದ್ದುದರಿಂದ ಬದುಕಿದ್ದಳು. “ಹೊರಗಿನಿಂದ ಕೀಲಿ ಹಾಕಿದ್ದ. ನಾ ಹೊರಗಿನಿಂದ ಬಡದೀನಿ, ಆಕಿ ಒಳಗಿನಿಂದ ಒದ್ದಾಳ. ಕೀಲಿ ತಗೊಂಡು ಅವ ಊಟಕ್ಕ ಹೋಗಿದ್ದ. ಒಳಗ ಮಸೀನ ತಿರಗ್ತಾನೇ ಇತ್ತು. ಒದಿಯೋದು ಎಷ್ಟೋ ಹೊತ್ತು ಕೇಳಸ್ತಿತ್ತು. ಆಮ್ಯಾಲ ಬರೀ ಮಸೀನ ಕೇಳಸ್ತು.”

ಕಸ್ತೂರಿ ಅಕ್ಕನ ಪಾದ ಹಿಡಿದು ಕುಳಿತಳು. ಮಧ್ಯಾಹ್ನ ತಾನು ಬೇಡಿಕೊಂಡದ್ದು ನೆನಪಾಯಿತು. ಬೇರೆಯವಳಾಗಿರಲಿ ಎಂದು ಬೇಡಿದ್ದಳು. ಬೇರೆಯವರೂ ಆಗಿದ್ದರು, ಅವಳೂ ಆಗಿದ್ದಳು. ದೇವಿ ತನ್ನ ಹೆಸರಿನವರನ್ನು ಒಯ್ಯಲಿಲ್ಲ. ಭೀಮಾಶಂಕರ ಒಯ್ದ.

“ನರ್ಸಬಾಯಿ ಐದೂ ಮಂದೀನ ನೋಡ್ಯಾಳ, ಐದೂ ಫೋನಿನ್ಯಾಗ ಹಾಕ್ಯಾಳ,” ಎಂದ ಕೇರಿಯ ಹಿರಿಯ ಮರೆಪ್ಪ. “ಪೊಲೀಸನೋರು ಬಂದ್ರು, ತಮ್ಮ ಫೋನ್ ನೋಡಿದ್ರು, ಒಂದ ಸಾವು ಅದ ಅಂದ್ರು. ಕಣ್ಣ ಮುಂದ ಐದು ಹೆಣ ಅವ ರೀ ಅಂದೆ. ನಮ್ಮ ಕಣ್ಣಿಗಿ ಕಂಡದ್ದು ನಡ್ಯಂಗಿಲ್ಲ ಯಜಮಾನ್ರ ಅಂತಾರ. ಮಣ್ಣು ಮಾಡಾಕ ಒಂದ ಚೀಟಿ ಕೊಟ್ಟು ಹೋದ್ರು.” ಚೀಟಿಯನ್ನು ಕಸ್ತೂರಿಯ ಮುಂದೆ ಹಿಡಿದ. “ನೀ ಓದಿದಾಕಿ ಹೇಳವ್ವ. ಇವರೊಳಗ ಯಾರನ್ನ ಹೂಳೂಣು?”

ಬೂದು ಅಕ್ಷರದ ಆ ಟಿಪ್ಪಣಿ ಅವಳ ಕಣ್ಣೊಳಗೆ ಮತ್ತೆ ಮೂಡಿತು. ಅವಳು ಮರೆಪ್ಪನಿಗೆ ಎಲ್ಲವನ್ನೂ ಹೇಳಿದಳು. ನಿಯಮ ತನ್ನದೆಂದೂ ಹೇಳಿದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸಾಬವ್ವ ಮಾತ್ರ, “ಹಂಗಾದ್ರ ನೀನೇ ಬಿಡಸು,” ಎಂದಳು, ಗಂಟು ಹಾಕಿದವಳಿಗೆ ಹೇಳುವಂತೆ.

ಬಿಡಿಸಲೇಬೇಕಿತ್ತು. ಒಂದು ಜಾಗದಲ್ಲಿ ಮೂವರಿಗಿಂತ ಹೆಚ್ಚು ಸತ್ತರೆ ಬರಮಪ್ಪ ‘ದುರಂತ’ ಎಂದು ಬರೆಯುತ್ತಿದ್ದ. ಆ ಪದ ಬಿದ್ದ ಕೂಡಲೇ ತನಿಖೆ ತಾನಾಗಿ ತೆರೆದುಕೊಳ್ಳುತ್ತಿತ್ತು, ಶೆಡ್ಡಿಗೆ ಮೊಹರು ಬೀಳುತ್ತಿತ್ತು, ಶಟರಿಗೆ ಕೀಲಿ ಹಾಕಿದವನನ್ನು ಹಿಡಿಯಲೇಬೇಕಾಗುತ್ತಿತ್ತು. ಒಬ್ಬಳು ಸತ್ತರೆ ಅದು ಬಿಸಿಲು. ಬಿಸಿಲನ್ನು ಯಾರು ಹಿಡಿದಾರು? ಐವರು ಐವರೆಂದು ಬರೆಸಿಕೊಳ್ಳುವತನಕ ಮಣ್ಣು ಮಾಡುವುದಿಲ್ಲ ಎಂದು ಕೇರಿ ತೀರ್ಮಾನಿಸಿತು. ಸರದಿಯ ಮೇಲೆ ಗೋಣಿಗೆ ನೀರು ಹಾಕುತ್ತ ಕುಳಿತರು.

ಮರುದಿನ ಮುಂಜಾನೆ ಅಧೀಕ್ಷಕ ವಿರೂಪಾಕ್ಷ ಕಸ್ತೂರಿಯ ಮಾತನ್ನು ಕೊನೆಯತನಕ ಕೇಳಿದರು. ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು ಕೂಡ.

“ಅವರಲ್ಲಿ ನಿಮ್ಮ ಅಕ್ಕ ಇದ್ದರು ಅಂತ ಗೊತ್ತಿರಲಿಲ್ಲಮ್ಮ. ರಜೆ ತಗೊಳ್ಳಿ.”

“ರಜಾ ಬ್ಯಾಡ್ರಿ ಸರ್. ಆ ನಾಕು ಸಾಲು ವಾಪಸ್ ಬೇಕ್ರಿ.”

“ವಾಪಸ್ ತಗೊಂಡರೆ ನಿಮ್ಮ ನಿಯಮ ಮತ್ತೆ ತೆಗೀತದೆ. ಐದೂ ಸಾಲಿನಲ್ಲಿ ಬೇರೆ ಅಂತಿರೋದು ಒಂದಾದರೂ ತೋರಿಸಿ, ನಾನೇ ರಾಜಧಾನಿಗೆ ಬರೀತೀನಿ.”

“ಅಡ್ಡಹೆಸರು ಬ್ಯಾರೆ ಅದಾವ್ರಿ.”

“ಆ ಕಾಲಂ ಈಗ ಇಲ್ಲವಲ್ಲ.” ಅದನ್ನು ಕಿತ್ತವರು ಯಾರೆಂದು ಅವರು ಹೇಳಲಿಲ್ಲ. ಅಷ್ಟು ಮರ್ಯಾದೆ ಅವರಿಗಿತ್ತು.

“ಮುಖ ಬ್ಯಾರೆ ಅದಾವ್ರಿ ಸರ್.”

“ಮುಖಕ್ಕೆ ಹಾಳೆಯಲ್ಲಿ ಜಾಗ ಎಲ್ಲಿದೆ?” ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಒಂದು ಅರ್ಜಿ ಕೊಡಿ. ಹೊಸ ಕಾಲಂ ಸೇರಿಸೋಕೆ ಮೂರು ಸಮಿತಿ ಒಪ್ಪಬೇಕು. ಆದರೆ ಹೆಣ ಕಾಯಿಸಬೇಡಿ. ಈ ಬಿಸಿಲಿನಲ್ಲಿ ಅದು ಮನುಷ್ಯತ್ವ ಅಲ್ಲ.”

ಮನುಷ್ಯತ್ವ ಎಂಬ ಮಾತು ಆ ತಂಪು ಕೋಣೆಯೊಳಗೆ ಬಹಳ ಸಲೀಸಾಗಿ ಹುಟ್ಟಿತು. ಕೀಲಿ ಹಾಕಿದವನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಸತ್ತವರನ್ನು ಬಿಟ್ಟುಕೊಡದೆ ಕುಳಿತವರಿಗೆ ಮಾತ್ರ ಎಲ್ಲ ಆಫೀಸುಗಳಲ್ಲೂ ಅದು ತಯಾರಿತ್ತು. ಕಸ್ತೂರಿ ಅರ್ಜಿ ಬರೆದಳು. ಬರೆದು ಕೊಟ್ಟು, ತನ್ನ ಕುರ್ಚಿಗೆ ಬಂದು, ಹಾಳೆ ಬಿಚ್ಚಿದಳು.

ನಿನ್ನೆಯ ಆ ಒಂದು ಸಾಲೂ ಇರಲಿಲ್ಲ.

ಮೇಲೆ ಹುಡುಕಿದಳು, ಕೆಳಗೆ ಹುಡುಕಿದಳು. ಬರಮಪ್ಪ ಹೊಸ ವಾಕ್ಯ ಮಾಡಿಟ್ಟಿದ್ದ: ‘ಮೃತಪಟ್ಟಿದ್ದಾರೆಂದು ನಿನ್ನೆ ವರದಿಯಾಗಿದ್ದ ಕಾರ್ಮಿಕ ಮಹಿಳೆ ದುರುಗಮ್ಮ ಇಂದು ಬೆಳಿಗ್ಗೆ ಕೆಲಸಕ್ಕೆ ಹಾಜರಾಗಿದ್ದಾರೆ. ಹಿಂದಿನ ಮಾಹಿತಿಯನ್ನು ಸರಿಪಡಿಸಲಾಗಿದೆ. ಜಿಲ್ಲೆಯಲ್ಲಿ ಬಿಸಿಲಿನಿಂದ ಯಾವುದೇ ಸಾವು ಸಂಭವಿಸಿಲ್ಲ.’ ಕೆಳಗೆ ಒಪ್ಪಿಗೆಯ ಗುಂಡಿ ಮಿಣುಕುತ್ತಿತ್ತು.

ನಜೀರ್ ಬಗ್ಗಿ ಓದಿದ. “ನಿನ್ನಿ ಐದು,” ಎಂದ. “ಆಮ್ಯಾಲ ಒಂದು. ಈಗ ಅದೂ ಇಲ್ಲ. ಯಾರು ಹೋಗ್ಯಾರ ಕಸ್ತೂರವ್ವ ಕೆಲಸಕ್ಕ, ಆ ಹೆಸರಿಂದ?”

ಅವಳು ಗುಂಡಿ ಒತ್ತದೆ ಎದ್ದಳು.

ಸಣ್ಣದುರುಗಿ ಶೆಡ್ಡಿನ ಮುಂದೆ ಕಲ್ಲಿನ ಹುಡಿಯಲ್ಲಿ ಬೆಳ್ಳಗಾಗಿ ಸಿಕ್ಕಳು. ಎರಡನೇ ಶೆಡ್ಡಿನ ಶಟರು ಒಳಗಿನಿಂದ ಉಬ್ಬಿದ ಕಡೆ ಯಾರೋ ಸುತ್ತಿಗೆಯಿಂದ ಬಡಿದು ಸಪಾಟು ಮಾಡಿದ್ದರು.

“ಭೀಮಾಶಂಕರ ನಸಿಕಿನ್ಯಾಗ ಬಂದಿದ್ದ ಚಿಗವ್ವಾ,” ಎಂದಳು ಹುಡುಗಿ. “ಇವತ್ತ ನಿಮ್ಮ ಮನಿಯಿಂದ ಆಳು ಬರ್ಲಿಲ್ಲಂದ್ರ ಮನಿ ಖಾಲಿ ಮಾಡ್ರಿ ಅಂದ. ಹೊಸ ಕಾರ್ಡಿಗಿ ತಿಂಗಳುಗಟ್ಟಲೆ ಬೇಕು, ನಿಮ್ಮವ್ವನ ಕಾರ್ಡ್ ತಗೊಂಡು ಬಾ, ಹೆಸರು ಒಂದೇ ಅದ, ನಡೀತದ ಅಂದ. ಎಲ್ಲಾರೂ ಹಂಗೇ ಮಾಡ್ತಾರಲ್ಲ. ನಾ ಬಂದು ಹಾಜರಿ ಮಸೀನಿಗಿ ತೋರಿಸ್ದೆ.” ಕಸ್ತೂರಿಯ ಮುಖ ನೋಡಿ ಅವಳ ದನಿ ಸಣ್ಣಗಾಯಿತು. “ಏನಾತು?”

ಹೌದು, ಎಲ್ಲರೂ ಹಾಗೇ ಮಾಡುತ್ತಿದ್ದರು. ಕೇರಿಯಲ್ಲಿ ಅವ್ವ ಸತ್ತರೆ ಮಗಳಿಗೆ ಉಳಿಯುತ್ತಿದ್ದದ್ದು ಒಂದು ಸೀರೆ, ಒಂದು ಕಾರ್ಡು. ಭೀಮಾಶಂಕರನಿಗೆ ಇದು ಗೊತ್ತಿತ್ತು. ಬರಮಪ್ಪ ಹೇಗೆ ಓದುತ್ತಾನೆಂದೂ ಗೊತ್ತಿತ್ತೋ, ಇಲ್ಲ ಬರೀ ಆಳು ಬೇಕಿತ್ತೋ, ಯಾರಿಗೂ ಮುಂದೆಂದೂ ತಿಳಿಯಲಿಲ್ಲ. ಹುಡುಗಿಗೆ ಏನು ಹೇಳುವುದು? ನೀನು ಬದುಕಿರುವುದರಿಂದ ನಿಮ್ಮವ್ವ ಸಾಯಲಿಲ್ಲ ಎಂದೇ?

“ಏನಿಲ್ಲ, ನಡಿ ಮನಿಗಿ,” ಎಂದಳು ಕಸ್ತೂರಿ.

ಬೇವಿನ ಮರದ ಕೆಳಗೆ ವಾಸನೆ ಶುರುವಾಗಿತ್ತು. ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು, ನೊಣ ಓಡಿಸುತ್ತ, ಇನ್ನೂ ನೀರು ಹಾಕುತ್ತಿದ್ದರು. ಮರೆಪ್ಪ ಅವಳ ಮುಖದಲ್ಲೇ ಓದಿಕೊಂಡ. ಕಸ್ತೂರಿ ಮರದ ಬೊಡ್ಡೆಗೆ ಒರಗಿ ನಿಂತಳು. ಹೆಸರಿನಿಂದ ಬೇರೆ ಮಾಡಲಾಗದು. ದಿನದಿಂದ ಆಗದು. ಅಪ್ಪನಿಂದ ಆಗದು, ಜಾಗದಿಂದ ಆಗದು. ಹಾಳೆಯಲ್ಲಿ ಮುಖಕ್ಕೆ ಜಾಗವಿಲ್ಲ.

ಒಂದು ಹಾಳೆಯಲ್ಲಿ ಇತ್ತು.

“ಮಾಮಾ,” ಎಂದಳು ಮರೆಪ್ಪನಿಗೆ, “ಕಲ್ಲಿನ ಟ್ರ್ಯಾಕ್ಟರ್ ಯಾರ ಕೈಯಾಗದ?”

“ನನ್ನ ಮಗನ ಕೈಯಾಗ. ಯಾಕ?”

“ಇವರನ್ನ ಪ್ಯಾಟಿಗಿ ಒಯ್ಯಬೇಕು. ನಮ್ಮ ಆಫೀಸಿಗಿ.”

ಸಾಬವ್ವ ತಲೆಯೆತ್ತಿದಳು. “ಸತ್ತೋರನ್ನ ಊರೂರು ತಿರುಗಸ್ತೀಯೇನವ್ವ? ಅವರಿಗಿ ನೆಲ ಬ್ಯಾಡೇನು?”

“ಬೇಕು ಯವ್ವಾ. ನೆಲ ಕೊಡಾಕ ಅವರು ಸತ್ತಾರಂತ ಬರಕೋಬೇಕಲ್ಲ. ಅಲ್ಲಿ ಬಾಗಿಲಾಗ ಒಂದು ಕಣ್ಣು ಅದ. ಅದು ಹೆಸರು ಕೇಳಲ್ಲ.”

ಮುದುಕಿ ಎದ್ದು, ತಂಬಿಗೆಯಲ್ಲಿ ನೀರು ತಂದು, ಐದೂ ಮುಖಗಳನ್ನು ಒಂದೊಂದಾಗಿ ತೊಳೆದಳು. ಮಕ್ಕಳನ್ನು ಶಾಲೆಗೆ ಕಳಿಸುವಾಗ ತೊಳೆಯುವಂತೆ, ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಕಲ್ಲಿನ ಹುಡಿಯೆಲ್ಲ ಹೋಗುವ ಹಾಗೆ. “ಕಣ್ಣಿಗಿ ಛಂದಾಗಿ ಕಾಣಲಿ,” ಎಂದಳು.

ಟ್ರ್ಯಾಕ್ಟರ್ ಕೇಂದ್ರದ ಮುಂದೆ ನಿಂತಾಗ ನೌಕರರು ಮನೆಗೆ ಹೊರಡುವ ಹೊತ್ತು. ಗೇಟಿನ ಕಾವಲುಗಾರ ಓಡಿ ಬಂದವನು ಟ್ರಾಲಿಯೊಳಗೆ ಇಣುಕಿ, ಟೊಪ್ಪಿಗೆ ತೆಗೆದು, ಪಕ್ಕಕ್ಕೆ ಸರಿದು ನಿಂತ. ಕಸ್ತೂರಿ ತನ್ನ ಕಾರ್ಡು ತೋರಿಸಿದಳು, ಬಾಗಿಲು ತೆರೆಯಿತು. ನಾಲ್ಕು ನಾಲ್ಕು ಜನ ಒಂದೊಂದು ಗೋಣಿಯ ಜೋಲಿ ಹಿಡಿದು ಬಂದರು. ಹೊಸ್ತಿಲಲ್ಲಿ ಕಸ್ತೂರಿ ಪ್ರತಿಯೊಬ್ಬಳ ಮುಖದ ಮೇಲಿನ ಬಟ್ಟೆ ಸರಿಸಿ, ತಲೆಯನ್ನು ಅಂಗೈಯಲ್ಲಿ ಎತ್ತಿ, ಕಣ್ಣಿನ ಎದುರು ಹಿಡಿದಳು. ಕಣ್ಣು ಐದು ಸಲ ಹಸಿರು ಮಿನುಗಿತು. ಐದು ಮುಖ, ಐದು ಸಾಲು. ಅಕ್ಕನ ಮುಖಕ್ಕೆ ಮಾತ್ರ ಒದ್ದೆ ಕೂದಲು ಅಡ್ಡ ಬಂದಿತ್ತು, ಅದನ್ನು ಕಿವಿಯ ಹಿಂದೆ ಸರಿಸಿ ಎರಡನೇ ಸಲ ತೋರಿಸಬೇಕಾಯಿತು.

ತಂಪು ಹಜಾರದ ನುಣುಪು ಫರಸಿಯ ಮೇಲೆ ಅವರನ್ನು ಮಲಗಿಸಿದರು. ಆ ಕಲ್ಲು ಬಂದದ್ದೂ ಅದೇ ಶೆಡ್ಡುಗಳಿಂದ.

ವಿರೂಪಾಕ್ಷ ಮೆಟ್ಟಿಲಿಳಿದು ಬಂದವರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡರು. “ಏನಮ್ಮ ಇದು? ತೆಗೆಸಿ. ಬಾಗಿಲು ಮುಚ್ಚೋ ಹೊತ್ತಾಯ್ತು. ಇವರು ಒಳಗೇ ಉಳಿದರೆ ಏನಾಗ್ತದೆ ಗೊತ್ತಾ ನಿಮಗೆ?”

“ಗೊತ್ತದ್ರಿ ಸರ್.”

“ನಿಮ್ಮ ನೌಕರಿ ಹೋಗ್ತದೆ. ನನ್ನದೂ ಹೋಗ್ತದೆ.”

“ಇವರದು ನಿನ್ನಿಗೇ ಹೋತ್ರಿ,” ಎಂದ ನಜೀರ್, ತನ್ನ ಕುರ್ಚಿಯಿಂದಲೇ.

ಹೊತ್ತು ತಂದವರೆಲ್ಲ ಬಾಗಿಲ ಕಣ್ಣಿನ ಎದುರಿನಿಂದಲೇ ಹೊರಗೆ ಹೋದರು. ಅಧೀಕ್ಷಕರು ಯಾರನ್ನೋ ಕರೆಯಲೆಂದು ಓಡಿದರು. ಬಾಗಿಲು ತನ್ನ ಹೊತ್ತಿಗೆ ತಾನೇ ಮುಚ್ಚಿಕೊಂಡಿತು. ಹಜಾರದಲ್ಲಿ ಐವರು. ಮೇಜುಗಳ ಹತ್ತಿರ ರಾತ್ರಿ ಪಾಳಿಗೆ ಹೆಸರು ಬರೆಸಿ ಉಳಿದ ಕಸ್ತೂರಿ, ನಜೀರ್, ಮತ್ತು ಬಾಗಿಲ ಕಣ್ಣಿಗೆ ಕಾಣದಂತೆ ಸೆರಗಿನಲ್ಲಿ ಮುಖ ಮರೆಸಿಕೊಂಡು ಬಂದು ಹೊರಗೆ ಹೋಗಲು ಒಪ್ಪದ ಸಣ್ಣದುರುಗಿ.

ಪರದೆಯ ಮೇಲೆ ಬರಮಪ್ಪ ಬರೆಯತೊಡಗಿದ. ‘ಕೇಂದ್ರದೊಳಗೆ ಐವರು ಮಹಿಳೆಯರು ಉಳಿದಿದ್ದಾರೆ. ಐವರೂ ಬೇರೆ ಬೇರೆ ವ್ಯಕ್ತಿಗಳು. ಐವರ ಮೈಬಿಸಿಯೂ ಜೀವಂತ ಮನುಷ್ಯರದಲ್ಲ. ಐವರೂ ಕದಲುತ್ತಿಲ್ಲ.’ ಅಲ್ಲಿಗೆ ನಿಂತ. ಹೆಸರಿನ ಐದು ಚೌಕ ಖಾಲಿ ಇದ್ದವು, ಖಾಲಿ ಚೌಕ ಅವನಿಗೆ ಆಗುವುದಿಲ್ಲ. ಕರ್ತವ್ಯದಲ್ಲಿರುವ ನೌಕರರು ತುಂಬತಕ್ಕದ್ದು ಎಂದು ಮಿಣುಕಿ ಕಾಯುತ್ತ ಕುಳಿತ.

ಕಸ್ತೂರಿ ತುಂಬಿದಳು. ಚಹಾದುರುಗಿ. ನಗಿದುರುಗಿ. ಕೆಂಪದುರುಗಿ. ಮೂಕದುರುಗಿ. ಬಾವಿದುರುಗಿ. ಬಂದ ಕಾರಣ ಎಂಬಲ್ಲಿ ಪಟ್ಟಿ ಬಿಚ್ಚಿಕೊಂಡಿತು: ಸಭೆ, ತಪಾಸಣೆ, ಅರ್ಜಿ. ಅರ್ಜಿ ಎಂದು ಆರಿಸಿದಳು. ಈ ವರದಿಗೆ ಒಪ್ಪಿಗೆಯ ಗುಂಡಿ ಇರಲಿಲ್ಲ. ಅದು ತಾನೇ ಹೋಯಿತು.

ಇದರಿಂದ ಕೀಲಿ ಹಾಕಿದವನ ಕೈಗೆ ಕೋಳ ಬೀಳುತ್ತದೆಂದು ಅವಳೇನೂ ನಂಬಿರಲಿಲ್ಲ. ಬೆಳಗಾಗುವುದರೊಳಗೆ ಯಾರಾದರೂ ಈ ಹಾಳೆಯನ್ನೂ ಹಸನು ಮಾಡಲು ಕಲಿಯುತ್ತಾರೆ. ತನ್ನಂಥವಳೇ ಒಬ್ಬಳು ಕಲಿಯುತ್ತಾಳೆ, ಶಹಬ್ಬಾಸ್ ಅನ್ನಿಸಿಕೊಳ್ಳುತ್ತಾಳೆ. ಈಗ ಮಾತ್ರ ರಾಜಧಾನಿಯ ಒಂದು ಕೋಣೆಯಲ್ಲಿ, ಒಂದು ಪರದೆಯ ಮೇಲೆ, ಐವರು ಐವರಾಗಿದ್ದರು.

ಫೋನು ರಿಂಗಾಯಿತು. ಕಸ್ತೂರಿ ಎತ್ತಿದಳು.

“ಭದ್ರತಾ ಕೋಣೆ. ನಿಮ್ಮ ಕಟ್ಟಡದಲ್ಲಿ ಐದು ಜನ ಇದ್ದಾರೆ ಅಂತ ತೋರಿಸ್ತಿದೆ. ಯಾರಮ್ಮ ಅವರು? ಕೂಡಲೇ ಹೊರಗೆ ಕಳಿಸಿ.”

ಸಣ್ಣದುರುಗಿ ಅವ್ವನ ತಲೆಯ ಹತ್ತಿರ ಕುಳಿತು, ಕಾರ್ಡನ್ನು ಅವಳ ಮಡಿಚಿದ ಅಂಗೈಯೊಳಗೆ ಇಡುತ್ತಿದ್ದಳು.

“ಅವರು ತಾವಾಗಿ ಹೋಗಂಗಿಲ್ರಿ,” ಎಂದಳು ಕಸ್ತೂರಿ. “ನೀವೇ ಬಂದು ಹೊರಬೇಕು. ನಾಕು ನಾಕು ಮಂದಿ ಬರ್ರಿ, ಒಬ್ಬೊಬ್ಬರಿಗಿ.”